ಟ್ಯಾಂಕು ವಾಲಿದ್ದನ್ನು ಹೇಳಲಾಗದ ಸೋಮವಾರ

ನಿರ್ದೇಶಕರ ವಿಡಿಯೋ ಕರೆ ಬರುತ್ತಿದ್ದದ್ದು ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ. ನನ್ನ ಸೋಮವಾರ ಮಾತ್ರ ಭಾನುವಾರ ಮಧ್ಯಾಹ್ನದ ಊಟದಿಂದಲೇ ಶುರುವಾಗುತ್ತಿತ್ತು.

ನಮ್ಮದು ಹಳ್ಳಿಗಳಿಗೆ ಕುಡಿಯುವ ನೀರಿನ ಪೈಪು ಹಾಕಿ, ಎತ್ತರದ ಟ್ಯಾಂಕು ಕಟ್ಟಿಕೊಡುವ ಗುತ್ತಿಗೆ ಕಂಪನಿ. ಮುಖ್ಯ ಕಚೇರಿ ಹೈದರಾಬಾದಿನಲ್ಲಿ. ರಾಯಚೂರಿನಲ್ಲಿ ಒಂದು ಬಾಡಿಗೆ ಮನೆಯ ಮಹಡಿಯೇ ಆಫೀಸು. ಕೆಳಗೆ ಮನೆಯವರಿದ್ದರು, ಅವರ ಕುಕ್ಕರಿನ ಸೀಟಿ ನಮ್ಮ ಮೀಟಿಂಗಿನಲ್ಲೂ ಕೇಳುತ್ತಿತ್ತು. ನಾನು ಸಿವಿಲ್ ಡಿಪ್ಲೊಮಾ ಮುಗಿಸಿ ಅಲ್ಲಿ ಸೇರಿ ಮೂರು ವರ್ಷವಾಗಿತ್ತು. ರಾಯಚೂರು, ಮಾನ್ವಿ, ದೇವದುರ್ಗ, ಈ ಮೂರು ತಾಲ್ಲೂಕಿನ ಸೈಟುಗಳಿಂದ ಬರುವ ವಿವರಗಳನ್ನೆಲ್ಲ ವಾರಕ್ಕೊಮ್ಮೆ ಕೂಡಿಸಿ ಪ್ರಗತಿ ವರದಿ ಮಾಡುವುದು ನನ್ನ ಕೆಲಸ. ಅದನ್ನು ನಿರ್ದೇಶಕರ ಮುಂದೆ ಓದುವುದು ನಮ್ಮ ಪ್ರಾಜೆಕ್ಟ್ ಮ್ಯಾನೇಜರರ ಕೆಲಸ.

ಮ್ಯಾನೇಜರ್ ನಿವೃತ್ತಿಗೆ ಹತ್ತಿರವಾದವರು, ಯಾರಿಗೂ ಗಟ್ಟಿಯಾಗಿ ಒಂದು ಮಾತು ಆಡದ ಮನುಷ್ಯ. ಆ ವರ್ಷ ಬೇಸಿಗೆಯ ಕೊನೆಗೆ ಅವರಿಗೆ ಎದೆನೋವು ಬಂದು ಸ್ಟೆಂಟು ಹಾಕಿದರು. ಎರಡು ಮೂರು ತಿಂಗಳು ಮನೆಯಲ್ಲೇ ಇರಬೇಕು ಎಂದರು ಡಾಕ್ಟರು. ಅವರ ಜಾಗಕ್ಕೆ ಹೈದರಾಬಾದಿನಿಂದ ಯಾರೂ ಬರಲಿಲ್ಲ. ನಾನು ಆಸ್ಪತ್ರೆಗೆ ನೋಡಲು ಹೋದಾಗ ಅವರೇ ಹೇಳಿದರು:

"ವರದಿ ಮಾಡಾಕಿ ನೀನೇ ಅಲ್ಲೇನವಾ. ಇನ್ಮ್ಯಾಲ ನೀನೇ ಓದು."

ಮೊದಲ ಸೋಮವಾರ ನಾನು ಇಪ್ಪತ್ತಾರು ಪುಟಗಳ ವರದಿ ತೆರೆದುಕೊಂಡು ಕುಳಿತಿದ್ದೆ. ಪರದೆಯ ಮೇಲೆ ನಿರ್ದೇಶಕರ ಮುಖ ಬಂತು. ಅವರು ಕಾರಿನ ಹಿಂದಿನ ಸೀಟಿನಲ್ಲಿದ್ದರು, ಕಿಟಕಿಯಾಚೆ ಫ್ಲೈಓವರಿನ ಕಂಬಗಳು ಓಡುತ್ತಿದ್ದವು. ಮುಂದಿನ ವಾರಗಳಲ್ಲೂ ಅವರನ್ನು ಹಾಗೆಯೇ ನೋಡಿದೆ: ಕಾರಿನಲ್ಲಿ, ವಿಮಾನ ನಿಲ್ದಾಣದಲ್ಲಿ, ಒಮ್ಮೆ ಲಿಫ್ಟಿನಲ್ಲಿ. ಮನೆಮಾತು ತೆಲುಗಾದರೂ ಹುಡುಗರಾಗಿದ್ದಾಗ ಬಳ್ಳಾರಿಯಲ್ಲಿ ಓದಿದ್ದರಂತೆ. ಕನ್ನಡವನ್ನು ನಿಧಾನವಾಗಿ, ಪುಸ್ತಕದಲ್ಲಿದ್ದಂತೆ ಆಡುತ್ತಿದ್ದರು. "ಹೇಳಿ. ಎರಡು ನಿಮಿಷ ಇದೆ" ಎಂದರು.

ನಾನು ಮೊದಲ ಪುಟದಿಂದ ಶುರು ಮಾಡಿದೆ. ಎಷ್ಟು ಪೈಪು ಬಂತು, ಎಲ್ಲಿಂದ ಬಂತು, ಯಾವ ಊರಲ್ಲಿ ಎಷ್ಟು ಹೂತೆವು. ನಾಲ್ಕನೇ ಪುಟಕ್ಕೆ ಬರುವಷ್ಟರಲ್ಲಿ ಅವರು ಕೈ ಎತ್ತಿದರು.

"ಇದೆಲ್ಲ ಇಟ್ಟುಕೊಂಡು ನಾನು ಏನು ಮಾಡಬೇಕು?"

ಅವರು ಬೈಯಲಿಲ್ಲ. ದನಿಯನ್ನೂ ಏರಿಸಲಿಲ್ಲ. ಪರದೆಯಲ್ಲಿ ಇನ್ನೂ ಐದಾರು ಮುಖಗಳಿದ್ದವು. ಖರೀದಿಯವರು, ಪಂಪು ವಿಭಾಗದವರು, ನನಗೆ ಹೆಸರು ಗೊತ್ತಿಲ್ಲದ ದೊಡ್ಡವರು. ಯಾರೂ ನಗಲಿಲ್ಲ, ಯಾರೂ ಸಹಾಯಕ್ಕೂ ಬರಲಿಲ್ಲ. "ಮುಂದಿನ ವಾರ ಸರಿ ಮಾಡ್ತೀನಿ ಸರ್" ಎಂದೆ. ಕರೆ ಮುಗಿಯಿತು. ನಾನು ಎದ್ದು ಹೋಗಿ ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿ ಸುಮ್ಮನೆ ನಿಂತೆ. ಆಮೇಲೆ ನಾನು ಸರಿ ಮಾಡಿದ್ದು ಒಂದೇ: ಪ್ರಶ್ನೆ ಬರುವಂಥದ್ದನ್ನೆಲ್ಲ ವರದಿಯ ಹಿಂದಿನ ಪುಟಗಳಿಗೆ ಸರಿಸಿದ್ದು. ಮುಂದಿನ ಪುಟದಲ್ಲಿ ಪೂರ್ಣಗೊಂಡದ್ದು ಮಾತ್ರ. ಅದನ್ನು ಓದಿದರೆ ನಿರ್ದೇಶಕರು "ಸರಿ, ಮುಂದೆ" ಎನ್ನುತ್ತಿದ್ದರು. ಆ ಎರಡು ಪದ ಕೇಳಿದರೆ ಒಂದು ವಾರ ಬದುಕಿಕೊಂಡೆ ಎಂದು ನನಗೆ ಅನಿಸುತ್ತಿತ್ತು.

ಮ್ಯಾನೇಜರರೂ ಹಾಗೆಯೇ ಮಾಡಿಕೊಂಡು ಬಂದಿದ್ದರು ಎಂದು ಆಗ ನನಗೆ ತಿಳಿಯಿತು. ಹಾಸಿಗೆಯಲ್ಲಿ ಮಲಗಿಕೊಂಡೇ ಫೋನಿನಲ್ಲಿ ಕಲಿಸಿದರು. ಕೆಟ್ಟ ಸುದ್ದಿಯನ್ನು ಎರಡು ಒಳ್ಳೆಯ ಸುದ್ದಿಗಳ ನಡುವೆ ಇಡಬೇಕು. 'ಸಮಸ್ಯೆ' ಎನ್ನಬಾರದು, 'ಗಮನಿಸಬೇಕಾದ ಅಂಶ' ಎನ್ನಬೇಕು. ಬರೆದದ್ದು ಇರಬೇಕು, ಆದರೆ ಕಣ್ಣಿಗೆ ರಾಚಬಾರದು. ನಾಳೆ ಯಾರಾದರೂ ಕೇಳಿದರೆ ಬರೆದಿದ್ದೆವಲ್ಲ ಎಂದು ತೋರಿಸಲು ಬರಬೇಕು, ಅಷ್ಟೆ.

ಆಷಾಢ ಮುಗಿಯುವ ಹೊತ್ತಿಗೆ ಕುರ್ಡಿಯ ಸೈಟ್ ಸೂಪರ್‌ವೈಸರ್ ಫೋನು ಮಾಡಿ, ಒಮ್ಮೆ ಬಂದು ಹೋಗಿರಿ ಎಂದ. ಅವನು ಗೌಂಡಿಯಾಗಿ ಶುರು ಮಾಡಿ ಸೂಪರ್‌ವೈಸರ್ ಆದವನು, ಐವತ್ತರ ಹತ್ತಿರದ ವಯಸ್ಸು. ಫೋನಿನಲ್ಲಿ ವಿಷಯ ಹೇಳಲಿಲ್ಲ. ಕುರ್ಡಿ ದಾಟಿ ಒಳಗೆ ಹೋದರೆ ಒಂದು ಸಣ್ಣ ಊರು, ಅಲ್ಲಿ ನಮ್ಮ ಹೊಸ ಟ್ಯಾಂಕು ನಿಂತಿತ್ತು. ಆರು ಕಂಬದ ಮೇಲೆ ಗುಂಡನೆಯ ತೊಟ್ಟಿ. ಬಣ್ಣವೂ ಆಗಿತ್ತು. ಒಂದು ಕಡೆ ಅಂಗನವಾಡಿಯ ಕಟ್ಟಡ, ಇನ್ನೊಂದು ಕಡೆ ಭತ್ತದ ಗದ್ದೆ. ಕಾಲುವೆಗೆ ನೀರು ಬಿಟ್ಟು ಎಂಟು ಹತ್ತು ದಿನವಾಗಿತ್ತು. ಗದ್ದೆಯಲ್ಲಿ ನೀರು ಕಟ್ಟಿಕೊಂಡು, ದಂಡೆಯ ಎರೆಮಣ್ಣು ಕಾಲಿಟ್ಟರೆ ಪಾದ ಹಿಡಿದುಕೊಳ್ಳುವಂತೆ ಉಬ್ಬಿತ್ತು.

ಸೂಪರ್‌ವೈಸರ್ ಏಣಿ ಹತ್ತಿ, ಗದ್ದೆ ಕಡೆಯ ಕಂಬದ ತುದಿಯಿಂದ ದಾರಕ್ಕೆ ಕಟ್ಟಿದ ತೂಗುಗುಂಡನ್ನು ಕೆಳಗೆ ಬಿಟ್ಟ. ಗುಂಡು ಅಲ್ಲಾಡಿ ಅಲ್ಲಾಡಿ ನಿಂತಿತು. ಕಂಬ ನೆಟ್ಟಗಿದ್ದರೆ ದಾರ ಅದರ ಪಕ್ಕಕ್ಕೇ ಇಳಿಯಬೇಕು. ಕೆಳಗೆ ಕಂಬಕ್ಕೂ ಗುಂಡಿಗೂ ನಡುವೆ ನನ್ನ ನಾಲ್ಕು ಬೆರಳು ಸಲೀಸಾಗಿ ಹಿಡಿಸಿದವು.

"ಹೋದ ವಾರ ಎರಡು ಬಟ್ಟು ಇತ್ರಿ" ಎಂದ ಅವನು. "ಈ ಕಡಿ ಪಾಯ ಕಲ್ಲು ಮುಟ್ಟಿಲ್ರಿ ಮೇಡಂ. ತೋಡಾಗ ಊರಾಗ ನಾ ಇರ್ಲಿಲ್ಲ, ಬ್ಯಾರೇದಾವ ಇದ್ದ. ಈಗ ಖಾಲಿ ಅದ, ನಿಂತಾದ. ನೀರು ತುಂಬಿದ್ರ ಏನ್ ಆಗ್ತದೋ ನನಗ ಗೊತ್ತಿಲ್ಲ."

ನಾನು ಕತ್ತೆತ್ತಿ ಮೇಲೆ ನೋಡಿದೆ. ಮೋಡ ಓಡುತ್ತಿತ್ತು, ಅದರಿಂದ ಟ್ಯಾಂಕೇ ನನ್ನ ಕಡೆಗೆ ಬೀಳುತ್ತಿರುವಂತೆ ಕಂಡು ಎರಡು ಹೆಜ್ಜೆ ಹಿಂದೆ ಸರಿದೆ. ಅಂಗನವಾಡಿಯೊಳಗೆ ಮಕ್ಕಳು ಏನನ್ನೋ ಒಟ್ಟಾಗಿ ಹೇಳುತ್ತಿದ್ದರು. ಫೋಟೋ ತೆಗೆದುಕೊಂಡೆ. ಬಸ್ಸಿನಲ್ಲಿ ರಾಯಚೂರಿಗೆ ವಾಪಸಾಗುವಾಗ ನನ್ನ ಭಯ ಟ್ಯಾಂಕಿನದಾಗಿರಲಿಲ್ಲ. ನಾಚಿಕೆಯಾದರೂ ಹೇಳಬೇಕು, ಇದನ್ನು ಸೋಮವಾರ ಹೇಗೆ ಹೇಳಲಿ ಎಂಬುದೇ ನನ್ನ ಭಯವಾಗಿತ್ತು. ಆ ಟ್ಯಾಂಕು ಪೂರ್ಣಗೊಂಡಿದೆ ಎಂದು ಹಿಂದಿನ ವಾರವಷ್ಟೇ ನಾನೇ ಓದಿದ್ದೆ.

ಮ್ಯಾನೇಜರರಿಗೆ ಫೋನು ಮಾಡಿದೆ. ಗಮನಿಸಬೇಕಾದ ಅಂಶದಲ್ಲಿ ಹಾಕು, ಅವರಾಗಿ ಕೇಳಿದರೆ ವಿವರಿಸು ಎಂದರು. ನಾನು ಆ ಒಂದು ವಾಕ್ಯವನ್ನು ಭಾನುವಾರವಿಡೀ ಬರೆದೆ, ಅಳಿಸಿದೆ, ಬರೆದೆ. ಕೊನೆಗೆ ಅದು ಹೀಗಾಯಿತು: 'ಕುರ್ಡಿ ಭಾಗದ ಒಂದು ಟ್ಯಾಂಕಿನಲ್ಲಿ ಕಟ್ಟಡದ ನೇರಮಟ್ಟಕ್ಕೆ ಸಂಬಂಧಿಸಿದಂತೆ ಸಣ್ಣ ವ್ಯತ್ಯಾಸ ಗಮನಕ್ಕೆ ಬಂದಿದ್ದು, ಸದರಿ ವಿಷಯವನ್ನು ಪರಿಶೀಲಿಸಲಾಗುತ್ತಿದ್ದು, ಉಳಿದಂತೆ ಕಾಮಗಾರಿ ಪೂರ್ಣಗೊಂಡಿರುತ್ತದೆ.' ಹದಿನಾಲ್ಕನೇ ಪುಟದಲ್ಲಿ ಅದನ್ನು ಕೂರಿಸಿದೆ.

ಸೋಮವಾರ ನಿರ್ದೇಶಕರು ವಿಮಾನ ನಿಲ್ದಾಣದಲ್ಲಿದ್ದರು. ಹಿಂದೆ ಯಾವುದೋ ಪ್ರಕಟಣೆ ಆಗುತ್ತಿತ್ತು. ನಾನು ಆ ವಾಕ್ಯವನ್ನು ಓದಿದೆ, ಓದಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಬೇಗ ಬೇಗ, ಉಸಿರು ತೆಗೆದುಕೊಳ್ಳದೆ ಓದಿದೆ. ಅವರು ಕೆಳಗೆ ನೋಡುತ್ತಿದ್ದರು. ತಲೆಯೆತ್ತಿ, "ಹಾಗಾದರೆ ಕುರ್ಡಿಯದು ಮುಗಿದಿದೆ. ಗುರುವಾರ ನೀರು ತುಂಬಿಸಿ ಪರೀಕ್ಷೆ ಮಾಡಿಬಿಡಿ" ಎಂದರು. ಪಂಪು ವಿಭಾಗದವರು ಆಗಲಿ ಎಂದರು.

ಆಗ ನಾನು ಬಾಯಿ ತೆರೆಯಬೇಕಿತ್ತು. ತೆರೆದೆ ಕೂಡ. ಬಂದ ಮಾತು, "ಸರಿ ಸರ್."

ಮರುದಿನ ಸಂಜೆ ಚಂದ್ರಬಂಡದ ನಮ್ಮ ಮನೆಗೆ ಹೋದೆ. ನಾವು ಕುರಿ ಸಾಕುವ ಜನ, ಅಪ್ಪ ಹಿಂಡು ಕಟ್ಟಿಕೊಂಡು ಹೊರಗೆ ಹೋಗಿದ್ದ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ತಟ್ಟೆಯಲ್ಲಿ ರೊಟ್ಟಿ ಮುರಿದು ಮುರಿದು ಹಾಗೆಯೇ ಇಟ್ಟದ್ದನ್ನು ಕಂಡು ಏನಾಯಿತು ಎಂದು ಕೇಳಿದಳು. ನಾನು ಹೇಳತೊಡಗಿದೆ. ಪಾಯದ ಆಳ, ನಕ್ಷೆ, ಕಾಲುವೆ ನೀರು, ಹೈದರಾಬಾದಿನವರು, ವರದಿಯ ಪುಟ, ಎಲ್ಲ ಹೇಳಿದೆ. ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ಕೇಳಿದಳು.

"ಅದೆಲ್ಲ ಇರ್ಲಿ ಬೇ. ಅದು ಬೀಳ್ತದೇನು, ಬೀಳಂಗಿಲ್ಲೇನು?"

"ಗೊತ್ತಿಲ್ಲಬೇ."

"ಗೊತ್ತಿಲ್ಲ ಅಂತನಾದ್ರೂ ಅವ್ರಿಗೆ ಹೇಳೀಯೇನು?"

ಅವಳು ಹೊಸ ರೊಟ್ಟಿ ತಂದು ತಟ್ಟೆಗೆ ಹಾಕಿದಳು. ಬುಧವಾರ ಬೆಳಿಗ್ಗೆ ಆಫೀಸಿಗೆ ಬಂದವಳೇ ನಿರ್ದೇಶಕರಿಗೆ ಒಂದು ಇಮೇಲ್ ಬರೆದೆ. ಧೈರ್ಯ ಮಾಡಿದೆ ಎಂದುಕೊಂಡೆ. ಈಗ ಅದನ್ನು ತೆಗೆದು ಓದಿದರೆ ನನಗೇ ಸುಸ್ತಾಗುತ್ತದೆ. ಎರಡು ಪುಟ. ಟ್ಯಾಂಕು ವಾಲಿದೆ ಎಂಬ ಮಾತು ಎರಡನೇ ಪುಟದ ಮಧ್ಯದಲ್ಲಿದೆ. ವಿಷಯ ಎಂದು ಬರೆಯುವ ಕಡೆ 'ಸಾಪ್ತಾಹಿಕ ಪ್ರಗತಿ ಕುರಿತು' ಎಂದು ಬರೆದಿದ್ದೇನೆ. ಉತ್ತರ ಬರಲಿಲ್ಲ. ಇನ್ನೂ ನೋಡಿಲ್ಲವೇನೋ ಎಂದು ಅರ್ಧ ಗಂಟೆಗೊಮ್ಮೆ ಫೋನು ತೆರೆದು ನೋಡಿದೆ. ನೋಡಿ ಸುಮ್ಮನಿದ್ದಾರೇನೋ ಎಂದೂ ಹೆದರಿದೆ.

ಗುರುವಾರ ಮುಖ್ಯ ಕಚೇರಿಯವರು ನನ್ನನ್ನು ದೇವದುರ್ಗದ ಕಡೆ ಕಳಿಸಿದ್ದರು. ಗಬ್ಬೂರಿನ ಹತ್ತಿರ ಪೈಪು ಜೋಡಣೆ ಪರಿಶೀಲಿಸಬೇಕಿತ್ತು. ನೀರು ತುಂಬಿಸುವ ಮುಂಚೆ ಸೂಪರ್‌ವೈಸರನಿಗೆ ಯಾರಾದರೂ ತಿಳಿಸುತ್ತಾರೆ, ಅವನು ತಡೆಯುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಹನ್ನೊಂದೂವರೆಯ ಸುಮಾರಿಗೆ ಅವನಿಂದ ಕರೆ ಬಂತು.

"ಮೇಡಂ, ಮುಂಜಾನೆ ಎಂಟರಿಂದ ನೀರು ಬಿಟ್ಟಾರ. ನಾ ಈಗ ಬಂದು ನೋಡಿದೆ. ಕಾಲುಭಾಗ ತುಂಬಾದ. ಗುಂಡು ಬಿಟ್ಟೆ, ಮತ್ತ ಒಂದು ಬಟ್ಟು ಹೋಗ್ಯಾದ."

"ಬಂದ್ ಮಾಡ್ಸು" ಎಂದೆ.

"ಪಂಪ್‌ಹೌಸಿನ್ಯಾವ ಕೇಳವಲ್ಲ. ಹೈದರಾಬಾದಿನಿಂದ ಹುಕುಂ ಆಗ್ಯಾದ, ಅವ್ರೇ ಹೇಳ್ಬೇಕು ಅಂತಾನ. ಪಂಪ್‌ಹೌಸು ಇಲ್ಲಿಂದ ದೂರ ಅದ, ನಾ ಹೋಗಿ ಅವನ ಕೂಡ ಜಗಳಾಡಿ ಬರೋದ್ರಾಗ…"

ಅಂಗನವಾಡಿಯಲ್ಲಿ ಮಕ್ಕಳಿದ್ದಾರೇನು ಎಂದು ಕೇಳಿದೆ. ಇದ್ದಾರೆ ಎಂದ. ಮಕ್ಕಳನ್ನೂ ಸುತ್ತಲ ಮನೆಯವರನ್ನೂ ಊರಾಚೆಯ ಗುಡಿಯ ಹತ್ತಿರ ಕರೆದುಕೊಂಡು ಹೋಗು, ಯಾರು ಏನೆಂದರೂ ಕೇಳಬೇಡ ಎಂದೆ. ಆ ಮಾತು ಹೇಗೋ ತಡವರಿಸದೆ ಬಂತು. ಆಮೇಲೆ ನಿರ್ದೇಶಕರ ನಂಬರು ಒತ್ತಿದೆ.

ಸೋಮವಾರದ ಮೀಟಿಂಗು ಬಿಟ್ಟು ಬೇರೆ ಹೊತ್ತಿನಲ್ಲಿ ನಾನು ಎಂದೂ ಅವರಿಗೆ ಫೋನು ಮಾಡಿದವಳಲ್ಲ. ಮೊದಲ ಸಲ ಎತ್ತಲಿಲ್ಲ. ಎರಡನೇ ಸಲ ಕತ್ತರಿಸಿದರು. ಅವರ ಆಪ್ತ ಸಹಾಯಕಿಗೆ ಮಾಡಿದೆ. ಸರ್ ದೊಡ್ಡ ಸಭೆಯಲ್ಲಿದ್ದಾರೆ, ಒಂದು ಗಂಟೆಯ ಮೇಲೆ ಮಾಡಿ ಎಂದಳು. ನಾನು ತಗ್ಗಿನ ಪಕ್ಕದಲ್ಲಿ ನಿಂತಿದ್ದೆ. ಪೈಪು ಜೋಡಿಸುವವರು ಕೆಲಸ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಮಣ್ಣಿನ ದಿಬ್ಬದ ಮೇಲೆ ಕುಳಿತುಬಿಟ್ಟೆ. ಒಂದು ಗಂಟೆ ಆಗುವುದಿಲ್ಲ, ಮಕ್ಕಳ ಜೀವದ ಮಾತು, ಈಗಲೇ ಅವರ ಕೈಗೆ ಫೋನು ಕೊಡಿ ಎಂದೆ. ಅವಳು ಒಂದು ಕ್ಷಣ ತಡೆದು, ಇರಿ ಎಂದಳು. ಬಾಗಿಲು ತೆರೆದ ಸದ್ದು, ಯಾರೋ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ ಸದ್ದು. ಆಮೇಲೆ ಅವರ ದನಿ.

"ಹೇಳಿ."

ಮುಂದೆ ವರದಿ ಇರಲಿಲ್ಲ, ಪುಟ ಇರಲಿಲ್ಲ.

"ಸರ್, ಕುರ್ಡಿ ಹತ್ತಿರದ ಟ್ಯಾಂಕು ವಾಲಿದೆ. ಈಗ ಅದಕ್ಕೆ ನೀರು ತುಂಬುತ್ತಿದ್ದಾರೆ. ಪಕ್ಕದಲ್ಲೇ ಅಂಗನವಾಡಿ. ಪಂಪು ನಿಲ್ಲಿಸಬೇಕು, ನೀವು ಹೇಳಿದರೆ ಮಾತ್ರ ನಿಲ್ಲಿಸುತ್ತಾರಂತೆ."

"ಬೀಳುತ್ತದೆಯಾ?"

"ಗೊತ್ತಿಲ್ಲ ಸರ್. ಬೀಳುವುದಿಲ್ಲ ಅಂತಲೂ ನನಗೆ ಹೇಳಲಿಕ್ಕೆ ಆಗುವುದಿಲ್ಲ."

"ನಿಲ್ಲಿಸುತ್ತೇನೆ. ನೀವು ಅಲ್ಲಿಗೆ ಹೋಗಿ. ಮುಟ್ಟಿದ ಮೇಲೆ ಫೋನು ಮಾಡಿ" ಎಂದರು. ಕರೆ ಮುಗಿಯಿತು. ಫೋನು ನೋಡಿದೆ. ಒಂದು ನಿಮಿಷವೂ ಆಗಿರಲಿಲ್ಲ.

ಗಬ್ಬೂರಿನಿಂದ ಆ ಹೊತ್ತಿಗೆ ಆ ಕಡೆ ಬಸ್ಸಿರಲಿಲ್ಲ. ಗೊಬ್ಬರದ ಚೀಲ ಇಳಿಸಿ ಖಾಲಿ ನಿಂತಿದ್ದ ಮೂರು ಗಾಲಿಯ ಟಂಟಂ ಗಾಡಿಯವನೊಬ್ಬನನ್ನು ಕಾಡಿ ಬೇಡಿ ಹೊರಡಿಸಿದೆ. ದಾರಿಯಲ್ಲಿ ಅವನು ಮಗಳ ಮದುವೆಯ ವಿಚಾರ ಹೇಳುತ್ತಲೇ ಇದ್ದ, ನಾನು ಹೂಂ ಹೂಂ ಎನ್ನುತ್ತಿದ್ದೆ. ಹತ್ತಿಯ ಹೊಲಗಳು ಮುಗಿದು ಗದ್ದೆಗಳು ಶುರುವಾದ ಮೇಲೆ ಪ್ರತಿ ತಿರುವಿನಲ್ಲೂ ಕತ್ತು ಚಾಚಿ ದೂರಕ್ಕೆ ನೋಡಿದೆ. ಆ ಟ್ಯಾಂಕು ಎಷ್ಟು ದೂರದಿಂದ ಕಾಣಬೇಕು ಎಂದು ನೆನಪಿಗೆ ಬರಲಿಲ್ಲ. ಕಾಣದಿದ್ದಾಗಲೆಲ್ಲ ಬಿದ್ದೇ ಹೋಯಿತು ಎಂದುಕೊಂಡೆ. ಸೂಪರ್‌ವೈಸರನ ಫೋನು ಹತ್ತುತ್ತಿರಲಿಲ್ಲ. ಒಂದು ಕಡೆ ಎಮ್ಮೆಗಳು ಅಡ್ಡ ಬಂದು ನಿಂತಾಗ ನಾನು ಅಳತೊಡಗಿದೆ. ಗಾಡಿಯವನು ಮದುವೆಯ ಮಾತು ನಿಲ್ಲಿಸಿ, ಇಳಿದು, ಎಮ್ಮೆಗಳನ್ನು ಓಡಿಸಿ ಬಂದು, ಮತ್ತೆ ಏನೂ ಕೇಳದೆ ಗಾಡಿ ಬಿಟ್ಟ.

ಟ್ಯಾಂಕು ನಿಂತಿತ್ತು. ಬರಿಗಣ್ಣಿಗೇ ಈಗ ವಾಲು ಕಾಣುತ್ತಿತ್ತು. ಪಂಪು ನಿಂತು ಬಹಳ ಹೊತ್ತಾಗಿತ್ತು. ಮಕ್ಕಳನ್ನು ಅಂಗನವಾಡಿ ಟೀಚರು ಗುಡಿಯ ಕಟ್ಟೆಯ ಮೇಲೆ ಸಾಲಾಗಿ ಕೂರಿಸಿ ಉಪ್ಪಿಟ್ಟು ತಿನ್ನಿಸುತ್ತಿದ್ದಳು. ಊರಿನವರು ದೂರ ನಿಂತಿದ್ದರು. ಆದರೆ ಮೇಲೆ ಕಾಲುಭಾಗಕ್ಕಿಂತ ಹೆಚ್ಚೇ ನೀರಿತ್ತು. ಆ ಭಾರ ಇರುವಷ್ಟು ಹೊತ್ತೂ ಕಂಬ ಎರೆಮಣ್ಣಿಗೆ ಇಳಿಯುತ್ತಲೇ ಇರುತ್ತದೆ. ನೀರು ಹೊರಗೆ ಬಿಡುವ ವಾಲ್ವು ಇದ್ದದ್ದು ಟ್ಯಾಂಕಿನ ಅಡಿಯಲ್ಲಿ, ನಡು ಪೈಪಿನ ಬುಡದಲ್ಲಿ. ಅದನ್ನು ತಿರುಗಿಸಲು ಒಬ್ಬರು ಆ ಆರು ಕಂಬಗಳ ನಡುವೆ ಹೋಗಿ ಐದಾರು ನಿಮಿಷ ನಿಲ್ಲಲೇಬೇಕು.

ಸೂಪರ್‌ವೈಸರ್ ಕೈಯಲ್ಲಿ ವಾಲ್ವು ತಿರುಗಿಸುವ ಪಾನಾ ಹಿಡಿದು ನಿಂತಿದ್ದ. "ತಗೀಲೇನ್ರಿ?" ಎಂದು ಕೇಳಿದ.

ನಿರ್ದೇಶಕರಿಗೆ ಫೋನು ಮಾಡಿದೆ. ಈ ಸಲ ಮೊದಲ ರಿಂಗಿಗೇ ಎತ್ತಿದರು. ನೀರು ಬಿಡದಿದ್ದರೆ ಭಾರ ಉಳಿಯುತ್ತದೆ, ಬಿಡಬೇಕಾದರೆ ಒಬ್ಬ ಮನುಷ್ಯ ಅಡಿಗೆ ಹೋಗಬೇಕು ಎಂದೆ.

"ಅಲ್ಲಿರುವವರು ನೀವು. ನಿಮಗೆ ಏನನಿಸುತ್ತದೆ?"

ಅಲ್ಲಿಯವರೆಗೆ ಅವರ ಪ್ರಶ್ನೆಗಳಿಗೆ ಹೆದರಿದ್ದೆ. ಈ ಪ್ರಶ್ನೆಯಷ್ಟು ಯಾವುದೂ ನನ್ನನ್ನು ಹೆದರಿಸಿರಲಿಲ್ಲ. ಸೂಪರ್‌ವೈಸರನ ಮುಖ ನೋಡಿದೆ. ಅವನು ಪಾನಾವನ್ನು ಧೋತ್ರದ ಚುಂಗಿಗೆ ಒರೆಸುತ್ತಿದ್ದ. "ಕಾಲುಗಂಟೆ ನೋಡ್ತೀವಿ ಸರ್" ಎಂದೆ. "ಗುಂಡು ಸರಿಯದೆ ನಿಂತರೆ ಬಿಡ್ತೀವಿ. ಸರಿದರೆ ಯಾರನ್ನೂ ಹತ್ತಿರ ಬಿಡೋದಿಲ್ಲ." ಅವರು ಹಾಗೇ ಮಾಡಿ ಎಂದರು.

ಕಾಲುಗಂಟೆ ನಾವಿಬ್ಬರೂ ದೂರದಿಂದ ಆ ದಾರವನ್ನೇ ನೋಡಿದೆವು. ಸುಣ್ಣದಲ್ಲಿ ಅವನು ಮೊದಲೇ ಕಂಬದ ಬುಡದ ಕಟ್ಟೆಯ ಮೇಲೆ ದಪ್ಪ ಗುರುತು ಮಾಡಿದ್ದ. ಗುಂಡು ಆ ಗುರುತಿನ ಮೇಲೆಯೇ ಇತ್ತು. ನಾನು ಇನ್ನೂ ಐದು ನಿಮಿಷ ಎಂದೆ. ಅವನು ಕಾಯಲಿಲ್ಲ. ಚಪ್ಪಲಿ ಬಿಟ್ಟು, ಬರಿಗಾಲಿನಲ್ಲಿ ನಡೆದು ಹೋದ.

ವಾಲ್ವು ಹೊಸದು, ಬಿಗಿಯಾಗಿತ್ತು. ಅವನು ಪಾನಾ ಸಿಕ್ಕಿಸಿ ಮೈಭಾರ ಹಾಕಿ ಎಳೆಯುವುದು ಕಾಣುತ್ತಿತ್ತು. ನಾನು ಲೆಕ್ಕ ಹಾಕುತ್ತಿದ್ದೆ, ಏನನ್ನು ಎಂದು ಗೊತ್ತಿಲ್ಲ, ಬರೀ ಒಂದು ಎರಡು ಮೂರು ಎಂದು. ಎಲ್ಲೋ ಮೇಲೆ ಟಕ್ ಎಂದು ಒಂದು ಸದ್ದಾಯಿತು. ಊರಿನವರೆಲ್ಲ ಒಮ್ಮೆಲೇ ಹಿಂದೆ ಸರಿದರು. ಅವನು ಮೇಲೆ ನೋಡಲಿಲ್ಲ. ಮತ್ತೊಮ್ಮೆ ಎಳೆದ. ಪೈಪಿನ ಬಾಯಿಂದ ಮೊದಲು ಗಾಳಿ, ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು ಧೋ ಎಂದು ಗದ್ದೆಯ ಬದುವಿಗೆ ಹರಿಯಿತು. ಅವನು ಓಡದೆ, ಹೋದ ಹಾಗೆಯೇ ನಡೆದುಕೊಂಡು ಬಂದ. ಬಂದು ಕುಳಿತು ಬೀಡಿ ತೆಗೆದ. ಹಚ್ಚಿಕೊಳ್ಳಲು ಆಗಲಿಲ್ಲ, ಟಂಟಂ ಗಾಡಿಯವನು ಹಚ್ಚಿಕೊಟ್ಟ.

ನೀರು ಹೊರಗೆ ಹರಿಯುವುದನ್ನು ಕಂಡ ಹೆಂಗಸರು ಕೊಡ ಹಿಡಿದು ನನ್ನ ಸುತ್ತ ಬಂದರು. ಬೆಳಿಗ್ಗೆಯಿಂದ ನಲ್ಲಿಗೆ ನೀರು ಬರುತ್ತದೆ ಎಂದು ಅವರಿಗೆ ಡಂಗುರ ಹೊಡೆಸಿದ್ದರಂತೆ. ಅವರಲ್ಲಿ ಒಬ್ಬ ಮುದುಕಿ ಕೇಳಿದಳು:

"ಬಂದ ನೀರು ಯಾಕ ಚಲ್ಲಾಕತ್ತೀರಿ ಯವ್ವಾ? ನಿಮ್ಮ ಆಫೀಸಿನ್ಯಾಗ ಏನರ ಜಗಳ ಆತೇನು?"

ನಾನು, ಟ್ಯಾಂಕು ತಪ್ಪು ಕಟ್ಟಿದೆ, ಒಂದು ಕಡೆ ಪಾಯ ಆಳ ಇಲ್ಲ, ತುಂಬಿದರೆ ಬೀಳಬಹುದು, ಹೊಸದಾಗಿ ಕಟ್ಟಬೇಕಾಗಬಹುದು, ಎಷ್ಟು ದಿನ ಎಂದು ಇವತ್ತು ಹೇಳಲಾರೆ ಎಂದೆ. ಬೈಗುಳ ಬರುತ್ತದೆಂದು ಕಾದೆ. ಹಿಂದಿನ ಸಾಲಿನಿಂದ ಬಂದವು ಕೂಡ. ಮುದುಕಿ ಮಾತ್ರ ಟ್ಯಾಂಕನ್ನೊಮ್ಮೆ ಕತ್ತೆತ್ತಿ ನೋಡಿ, ಚೆಲ್ಲುವ ನೀರಿಗೆ ಕೊಡ ಹಿಡಿಯಲು ಹೊರಟಳು. ಅತ್ತ ಕಡೆ ಹೋಗಬೇಡ ಎಂದು ಅವಳ ಸೆರಗು ಹಿಡಿದು ನಿಲ್ಲಿಸಬೇಕಾಯಿತು.

ಶನಿವಾರ ನಿರ್ದೇಶಕರು ಸ್ವತಃ ರಾಯಚೂರಿಗೆ ಬಂದರು. ಪರದೆಯಲ್ಲಿ ಕಂಡದ್ದಕ್ಕಿಂತ ಕುಳ್ಳಗೆ, ವಯಸ್ಸಾದವರಂತೆ ಇದ್ದರು. ಮ್ಯಾನೇಜರರೂ ಮನೆಯಿಂದ ಬಂದು, ಮೆಟ್ಟಿಲು ಹತ್ತಿದ ಏದುಸಿರಿನಲ್ಲಿ ಕುರ್ಚಿಯ ತುದಿಗೆ ಕುಳಿತಿದ್ದರು. ಕೆಲಸ ಹೋಯಿತು ಎಂದು ನಾನು ಗಟ್ಟಿ ಮಾಡಿಕೊಂಡೇ ಬಂದಿದ್ದೆ.

ಇದು ನಿಮಗೆ ಯಾವಾಗ ಗೊತ್ತಾಯಿತು ಎಂದು ಅವರು ಕೇಳಿದರು. ಹಿಂದಿನ ವಾರ ಎಂದೆ. ಸೋಮವಾರ ಯಾಕೆ ಹೇಳಲಿಲ್ಲ ಎಂದರು. ಹೇಳಿದ್ದೆ ಎಂದು ಹದಿನಾಲ್ಕನೇ ಪುಟ ತೆಗೆದು ಅವರ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಆ ವಾಕ್ಯವನ್ನು ಗಟ್ಟಿಯಾಗಿ, ಬೆರಳಿಟ್ಟು ಓದಿದರು. ನೇರಮಟ್ಟಕ್ಕೆ ಸಂಬಂಧಿಸಿದಂತೆ. ಸಣ್ಣ ವ್ಯತ್ಯಾಸ. ಸದರಿ ವಿಷಯ. ಕೆಳಗಿನ ಮನೆಯ ಕುಕ್ಕರು ಎರಡು ಸೀಟಿ ಹೊಡೆಯಿತು.

"ಈಗ ಎಲ್ಲ ಗೊತ್ತಿದ್ದೂ ಓದುತ್ತಿದ್ದೇನೆ. ಆದರೂ ಟ್ಯಾಂಕು ವಾಲಿದೆ ಎಂದು ಇದರಲ್ಲಿ ನನಗೆ ಕಾಣುತ್ತಿಲ್ಲ" ಎಂದರು. ಹೀಗೆ ಬರೆಯಲು ನಿಮಗೆ ಯಾರು ಹೇಳಿದರು ಎಂದು ಕೇಳಿದರು.

"ನಾನೇ ಬರೆದೆ ಸರ್" ಎಂದೆ. ಅದು ನಿಜವೂ ಆಗಿತ್ತು. ಆಗ ಪಕ್ಕದಲ್ಲಿದ್ದ ಮ್ಯಾನೇಜರ್, ಆ ಮೆತ್ತನೆಯ ಮನುಷ್ಯ, ಬಾಯಿ ತೆರೆದರು.

"ನಾ ಕಲಿಸಿದ್ರಿ ಸರ್. ಹತ್ತು ವರ್ಷದಿಂದ ನಾ ಹಿಂಗೇ ಬರದೀನಿ. ನಿಮಗ ಅಂಜಿ ಬರದೀನಿ."

ನಿರ್ದೇಶಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೋಪ ಬರುತ್ತದೆಂದು ನಾನು ಕಣ್ಣು ಕೆಳಗೆ ಹಾಕಿದ್ದೆ. ಅವರು ಹೇಳಿದ್ದು, ಆ ಸೋಮವಾರ ನೀವು ಓದುವಾಗ ನಾನು ಇನ್ನೊಂದು ಸೈಟಿನ ಮೆಸೇಜು ನೋಡುತ್ತಿದ್ದೆ, ಇಮೇಲಿನ ವಿಷಯ ನೋಡಿ ಆಮೇಲೆ ಓದೋಣವೆಂದು ಬಿಟ್ಟಿದ್ದೆ ಎಂದು. ಕ್ಷಮೆ ಕೇಳಲಿಲ್ಲ, ನಾನು ನಿರೀಕ್ಷಿಸಿಯೂ ಇರಲಿಲ್ಲ. ಇನ್ನು ಮೇಲೆ ಇಪ್ಪತ್ತಾರು ಪುಟ ಬೇಡ, ನಾನು ಏನು ಮಾಡಬೇಕೋ ಅದನ್ನು ಮೊದಲು ಹೇಳಿ, ಏನೂ ಮಾಡಬೇಕಾಗಿಲ್ಲದಿದ್ದರೆ ಏನೂ ಇಲ್ಲ ಎಂದು ಹೇಳಿ ಫೋನು ಇಡಿ ಎಂದರು. ಆಮೇಲೆ ಮೂವರೂ ಕುರ್ಡಿಗೆ ಹೋದೆವು. ಸೂಪರ್‌ವೈಸರ್ ಗುಂಡು ಬಿಟ್ಟು ತೋರಿಸಿದ. ನಿರ್ದೇಶಕರು ತಮ್ಮ ಬೆರಳುಗಳನ್ನು ಆ ಸಂದಿಗಿಟ್ಟು ನೋಡಿ, ಅಂಗನವಾಡಿಯ ಗೋಡೆಯವರೆಗೆ ಹೆಜ್ಜೆಯಲ್ಲಿ ಅಳೆದರು. ಹನ್ನೊಂದು ಹೆಜ್ಜೆ. ವಾಪಸು ಬರುವಾಗ ಕಾರಿನಲ್ಲಿ ಅವರು ಯಾರ ಫೋನನ್ನೂ ಎತ್ತಲಿಲ್ಲ.

ನನ್ನ ಕೆಲಸ ಉಳಿಯಿತು. ಮ್ಯಾನೇಜರ್ ಆರೋಗ್ಯದ ಕಾರಣ ಹೇಳಿ ಎರಡು ತಿಂಗಳಿಗೆ ಕೆಲಸ ಬಿಟ್ಟರು. ಬಿಡಿಸಿದರೋ, ಬಿಟ್ಟರೋ ನನಗೆ ಇಂದಿಗೂ ಗೊತ್ತಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. ಆ ಟ್ಯಾಂಕನ್ನು ಮೇಲಿನಿಂದ ಸ್ವಲ್ಪ ಸ್ವಲ್ಪವಾಗಿ ಕಡಿದು ಇಳಿಸಿದರು. ಪಾಯ ತೋಡಿ ನೋಡಿದಾಗ ಗದ್ದೆ ಕಡೆಯ ಎರಡು ಕಂಬಗಳ ಅಡಿ ಬರೀ ಎರೆಮಣ್ಣೇ ಇತ್ತು. ಹೊಸದನ್ನು ಕಲ್ಲು ಸಿಗುವವರೆಗೆ ತೋಡಿ, ಊರಿನ ಇನ್ನೊಂದು ಬದಿಯ ದಿನ್ನೆಯಲ್ಲಿ ಕಟ್ಟಿದರು.

ಭಯ ಹೋಯಿತೇನು ಎಂದು ಯಾರಾದರೂ ಕೇಳಿದರೆ ಇಲ್ಲ ಎನ್ನುತ್ತೇನೆ. ಈಗ ಅದು ಬೇರೆ ಕಡೆ ಹೋಗಿ ಕುಳಿತಿದೆ. ನಿರ್ದೇಶಕರು ಏನೆನ್ನುತ್ತಾರೋ ಎಂಬ ಹೆದರಿಕೆಗಿಂತ, ನಾನು ಹೇಳಿದ್ದು ಅವರಿಗೆ ಮುಟ್ಟಲಿಲ್ಲವೇನೋ ಎಂಬುದೇ ದೊಡ್ಡದು. ಹೇಳಿದ ಮೇಲೆ, "ಸರ್, ನಾನು ಈಗ ಏನು ಹೇಳಿದೆ ಒಮ್ಮೆ ಹೇಳಿ" ಎಂದು ಅವರನ್ನೇ ಕೇಳಿದ್ದೂ ಉಂಟು. ಮೊದಲ ಸಲ ಪರದೆಯ ಮೇಲಿನ ಮುಖಗಳೆಲ್ಲ ಗಾಬರಿಯಾದವು. ಅವರು ಒಂದು ಗಳಿಗೆ ನನ್ನನ್ನು ನೋಡಿ, ಪಾಠ ಒಪ್ಪಿಸುವವರಂತೆ ಹೇಳಿದರು, ಅದರಲ್ಲಿ ಒಂದು ತಪ್ಪಿತ್ತು.

ಮರುವರ್ಷ ಬೇಸಿಗೆಯಲ್ಲಿ ಆ ಊರಿನ ನಲ್ಲಿಗಳಿಗೆ ನೀರು ಬಂತು. ನಾನು ಅಂದು ದೇವದುರ್ಗದಲ್ಲಿದ್ದೆ. ಸೂಪರ್‌ವೈಸರ್ ಫೋನು ಮಾಡಿದ. ಟ್ಯಾಂಕು ಪೂರಾ ತುಂಬಿದೆ, ಒಂದು ದಿನ ಒಂದು ರಾತ್ರಿ ನಿಂತಿದೆ, ಗುಂಡು ಕೂದಲೆಳೆಯಷ್ಟೂ ಸರಿದಿಲ್ಲ ಎಂದು ಮೊದಲು ಹೇಳಿದ. ಬೇರೇನಾದರೂ ಇದೆಯೇ ಎಂದೆ.

"ಆ ಮುದುಕಿ ಅದಾಳಲ್ರಿ, ನೀರು ಸಿಮೆಂಟ್ ವಾಸನಿ ಹೊಡೀತದ ಅಂತ ಬೈಯಾಕತ್ತಾಳ."

ನಾಲ್ಕು ದಿನ ತುಂಬಿಸಿ ಚೆಲ್ಲಿದರೆ ಹೋಗುತ್ತದೆ, ಹಾಗಂತ ಅವಳಿಗೆ ಹೇಳು ಎಂದೆ. ಅದನ್ನು ಆಗಲೇ ಹೇಳಿದೆ, ಅವಳು ನಂಬುವುದಿಲ್ಲ ಎಂದ.